ಟಿವಿ ಸತ್ತರೆ ಬೋರ್ಡೇ ಬದಲಿಸಬೇಕೇ?

ಟಿವಿಯ ಕೆಂಪು ದೀಪವೂ ಉರಿಯದಿದ್ದರೆ "ಬೋರ್ಡ್ ಹೋಗಿದೆ, ಹೊಸದು ಹಾಕಿಸಿ" ಎನ್ನುವುದು ಈಗ ಮಾಮೂಲು. ಒಪ್ಪುವ ಮೊದಲು ಒಮ್ಮೆ ಒಳಗೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಪಾಯಿಂಟಿನಲ್ಲಿ ಕರೆಂಟು ಉಂಟೋ ಖಚಿತ ಮಾಡಿ, ಪ್ಲಗ್ ಕಿತ್ತು ಹಿಂಬದಿ ಬಿಚ್ಚಿ. ಜಾಗ್ರತೆ! ಪ್ಲಗ್ ಕಿತ್ತರೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು. ಮೀಟರಿನಲ್ಲಿ ಸೊನ್ನೆಗೆ ಇಳಿದದ್ದು ಕಾಣದೆ ಕೈ ಹಾಕಬೇಡಿ. ಹಳೆ ಪಿಕ್ಚರ್ ಟ್ಯೂಬಿನ ಟಿವಿಯಾದರೆ ಬಿಚ್ಚುವುದೇ ಬೇಡ.

ಸಣ್ಣ ಕೆಪಾಸಿಟರುಗಳ ತಲೆ ಉಬ್ಬಿದೆಯೇ? ಅಷ್ಟನ್ನೇ ಬದಲಿಸಿದರೆ ಎಷ್ಟೋ ಸಲ ಟಿವಿಗೆ ಜೀವ ಬರ್ತದೆ. ನಮ್ಮ ಮನೆಯದ್ದು ಹಾಗೇ ಸರಿಯಾಯಿತು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಕಡಿಮೆಯಾಗಬಾರದು, 105 ಡಿಗ್ರಿಯದ್ದನ್ನೇ ಕೇಳಿ. ಮೈನಸ್ ಗೆರೆ ಅದಲುಬದಲಾಗಬಾರದು.

ಫ್ಯೂಸ್ ಕಪ್ಪಾಗಿ ಸಿಡಿದಿದ್ದರೆ ಒಳಗೆ ಶಾರ್ಟ್ ಆಗಿದೆಯೆಂದೇ ಲೆಕ್ಕ. ಅದಕ್ಕೆ ತಂತಿ ಸುತ್ತುವ ಬುದ್ಧಿ ಬೇಡ, ಬೆಂಕಿ ಹಿಡಿದೀತು. ಅಲ್ಲಿಂದ ಮುಂದೆ ಮೆಕ್ಯಾನಿಕ್‌ನ ಕೆಲಸ.

ಕೆಟ್ಟ ತುಂಡನ್ನು ಮಾತ್ರ ಹುಡುಕಿ ಬದಲಿಸುವವರು ಊರಿನಲ್ಲಿ ಉಳಿಯಬೇಡವೇ? ಹತ್ತು ರೂಪಾಯಿಯ ಕೆಪಾಸಿಟರಿಗೆ ಇಷ್ಟು ಮಜೂರಿಯೇ ಎಂದು ಚೌಕಾಸಿ ಮಾಡಿದರೆ ಅವರೂ ಬೋರ್ಡನ್ನೇ ಬದಲಿಸುತ್ತಾರೆ. ನಾವು ಕೊಡುವುದು ತುಂಡಿಗಲ್ಲ, ಅದನ್ನು ಹುಡುಕಿದ ಕಣ್ಣಿಗೆ.