'ಎರಡು ಎಕರೆ, ಕೋಟಿ ಆದಾಯ' ವಿಡಿಯೊ ನೋಡಿದ್ರಾ? ಬರ್ಗಂಡಿ ರೈತರ ಉಳಿದರ್ಧ ಕತೆ ಇಲ್ಲಿದೆ



ಹೋದ ವಾರ ನಮ್ಮ ದ್ರಾಕ್ಷಿ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ವಿಡಿಯೊ ಓಡಾಡಿತು. ಫ್ರಾನ್ಸ್ ದೇಶದ ಬರ್ಗಂಡಿ ಸೀಮೆ. ಸೊಂಟದೆತ್ತರದ ದ್ರಾಕ್ಷಿ ಸಾಲು, ಕಲ್ಲಿನ ಮನೆ, ನೆಲಮಾಳಿಗೆಯಲ್ಲಿ ಸಾಲಾಗಿ ಮರದ ಪೀಪಾಯಿ. ಕೆಳಗೆ ದಪ್ಪಕ್ಷರದಲ್ಲಿ 'ಎರಡು ಎಕರೆ ರೈತ, ಕೋಟಿ ಕೋಟಿ ಆದಾಯ' ಅಂತ. ಎಲ್ಲರೂ ಕೈ ಮುಗಿಯೋ ಚಿತ್ರ ಹಾಕಿದ್ದೇ ಹಾಕಿದ್ದು. ಪಕ್ಕದೂರಿನ ಹುಡುಗನೊಬ್ಬ ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಅಣ್ಣಾ, ಆ ತಳಿ ನಮ್ಮ ಕಡೆ ಬರುತ್ತಾ?" ಅಂದ.

ತಳಿ ಹೆಸರು ಪಿನೋ ನ್ವಾರ್. ನಮ್ಮ ಸೆಕೆಗೆ ಅದು ಸರಿಹೋಗೋದಿಲ್ಲ ಅಂದೆ. ಆದರೆ ಅವನ ಪ್ರಶ್ನೆಯೇ ತಪ್ಪು ಅಂತ ಫೋನ್ ಇಟ್ಟಮೇಲೆ ಅನ್ನಿಸಿತು. ಅಲ್ಲಿನ ಸಣ್ಣ ರೈತ ಬದುಕಿರೋದು ತಳಿಯಿಂದ ಅಲ್ಲ. ನಾನು ಬರ್ಗಂಡಿಗೆ ಹೋದವನಲ್ಲ. ತೋಟಗಾರಿಕೆ ಓದುವಾಗ ಹಿಡಿದ ಹುಚ್ಚು, ಆ ಸೀಮೆಯ ಬಗ್ಗೆ ಸಿಕ್ಕಿದ್ದೆಲ್ಲಾ ಓದುತ್ತಲೇ ಬಂದಿದ್ದೀನಿ. (ವೈನ್ ಕುಡಿಯಿರಿ ಅಂತ ಹೇಳ್ತಿಲ್ಲ. ಈ ಲೇಖನವನ್ನು ನಮ್ಮಮ್ಮನೂ ಓದ್ತಾರೆ.)

ಮೊದಲು ಆ ನೆಲ ಹೇಗಿದೆ ನೋಡಿ. ಬರ್ಗಂಡಿಯ ಹೆಸರಾಂತ ಭಾಗಕ್ಕೆ ಕೋಟ್ ದೋರ್ ಅಂತಾರೆ. ದಿಜೋನ್ ಪಟ್ಟಣದಿಂದ ತೆಂಕಣಕ್ಕೆ, ಬೋನ್ ಪಟ್ಟಣವನ್ನೂ ದಾಟಿ, ಸುಮಾರು 50 ಕಿಲೋಮೀಟರ್ ಉದ್ದದ ಸುಣ್ಣಕಲ್ಲಿನ ಇಳಿಜಾರು. ಅಷ್ಟರಲ್ಲೇ 1,247 ತುಂಡುಗಳಿಗೆ ಬೇರೆ ಬೇರೆ ಹೆಸರು. ಒಂದೊಂದು ತುಂಡನ್ನೂ 'ಕ್ಲಿಮಾ' ಅಂತ ಕರೀತಾರೆ. 2015ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಇದೇನು ವಿಚಿತ್ರ ಅನ್ನಬೇಡಿ. ನಮ್ಮ ತಾತನೂ ಬಾವಿ ಹೊಲ, ಹುಣಸೆಮರದ ಹೊಲ, ಗುಡಿ ಹಿಂದಿನ ತೋಟ ಅಂತಲೇ ಕರೀತಿದ್ದ. ಯಾವುದರಲ್ಲಿ ರಾಗಿ ಚೆನ್ನಾಗಿ ಬರುತ್ತೆ, ಯಾವುದರಲ್ಲಿ ನೀರು ನಿಲ್ಲುತ್ತೆ ಅಂತ ಅವನಿಗೂ ಗೊತ್ತಿತ್ತು. ವ್ಯತ್ಯಾಸ ಇಷ್ಟೇ: ಅವರ ಹುಣಸೆಮರದ ಹೊಲದ ಹೆಸರು ಕಾನೂನಿನಲ್ಲಿದೆ, ಬಾಟಲಿಯ ಲೇಬಲ್ ಮೇಲೂ ಇದೆ. ನಮ್ಮದು ತಾತನ ಜೊತೆಗೇ ಹೋಯಿತು.

ಪಾಲಾಗೋದರಲ್ಲಿ ಅವರೇನೂ ನಮಗಿಂತ ಕಡಿಮೆ ಇಲ್ಲ. ಕ್ಲೋ ದ ವೂಜೋ ಅಂತ ಒಂದು ತೋಟ. ಮಧ್ಯಯುಗದಲ್ಲಿ ಕ್ರೈಸ್ತ ಸನ್ಯಾಸಿಗಳು ಕಟ್ಟಿದ್ದು, ಸುತ್ತ ಕಲ್ಲಿನ ಗೋಡೆ, ಒಳಗೆ ಸುಮಾರು 50 ಹೆಕ್ಟೇರ್. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಆಸ್ತಿ ಮುಟ್ಟುಗೋಲಾಯಿತು, ಹರಾಜಾಯಿತು. ಆಮೇಲೆ ಮಾರಾಟ, ಪಾಲು, ಮತ್ತೆ ಪಾಲು. ನೆಪೋಲಿಯನ್ ಕಾಲದ 1804ರ ಕಾನೂನು ಮಕ್ಕಳಿಗೆಲ್ಲಾ ಸಮಪಾಲು ಅಂತು. ಈಗ ಅದೇ ಗೋಡೆಯೊಳಗೆ ಸುಮಾರು 80 ಮಾಲೀಕರು. ಕೆಲವರಿಗೆ ಉಳಿದಿರೋದು ಕೆಲವೇ ಸಾಲು ಗಿಡ.

ಇಷ್ಟು ಒತ್ತಾಗಿದ್ದಾಗ ಪಕ್ಕದವನ ಸ್ಪ್ರೇ ನಮ್ಮ ಸಾಲಿಗೂ ಬೀಳುತ್ತೆ, ಅವನ ರೋಗವೂ ಬರುತ್ತೆ. ಸಾವಯವದವರಿಗೆ ಇದರ ಸಂಕಟ ಗೊತ್ತು. ಬೋನ್ ಹತ್ತಿರ ಎಮಾನುಯೆಲ್ ಜಿಬುಲೋ ಅಂತ ಒಬ್ಬ ರೈತ, ಸುಮಾರು 10 ಹೆಕ್ಟೇರ್, ಅಪ್ಪನ ಕಾಲದಿಂದ ರಾಸಾಯನಿಕ ಮುಟ್ಟದ ತೋಟ. 2013ರಲ್ಲಿ ಜಿಲ್ಲಾಡಳಿತ ಎಲ್ಲರೂ ಕೀಟನಾಶಕ ಹೊಡೆಯಲೇಬೇಕು ಅಂತ ಆದೇಶ ಮಾಡಿತು. ಕಾರಣ ಜಿಗಿಹುಳು ಹರಡುವ ಒಂದು ಹಳದಿ ರೋಗ. ನಮ್ಮ ಬದನೆಯ ಕಿರುಎಲೆ ರೋಗದ ಥರದ್ದೇ, ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಡಬೇಕು. ಜಿಬುಲೋ ಹೊಡೆಯಲ್ಲ ಅಂದ. ಮರುವರ್ಷ ಏಪ್ರಿಲ್‌ನಲ್ಲಿ ಕೋರ್ಟು 1,000 ಯೂರೊ ದಂಡ ಹಾಕಿತು, ಅದರಲ್ಲಿ ಅರ್ಧ ಅಮಾನತು. ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟು ಅವನನ್ನು ಬಿಟ್ಟುಬಿಟ್ಟಿತು, ಆದೇಶವೇ ಸರಿಯಾಗಿ ಹೊರಟಿರಲಿಲ್ಲ ಅಂತ. ಜಗತ್ತಿನ ಸಾವಯವದವರೆಲ್ಲಾ ಅವನನ್ನು ಹೀರೊ ಮಾಡಿದರು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸೇವಂತಿಗೆ ಜಾತಿಯ ಹೂವಿಂದ ತೆಗೆಯೋ, ಸಾವಯವದಲ್ಲಿ ಒಪ್ಪಿತವಾದ ಔಷಧಿ ಇತ್ತು. ಅದೂ ಒಳ್ಳೆ ಹುಳುಗಳನ್ನು ಕೊಲ್ಲುತ್ತೆ ಅನ್ನೋ ಅವನ ಮಾತು ನಿಜವೇ. ಆದರೆ ರೋಗ ಬಂದರೆ ಗಿಡ ಕೀಳಬೇಕಾದವನು ಪಕ್ಕದ ಸಾಲಿನವನೂ ಹೌದಲ್ವಾ?

ಇನ್ನು ಇಳುವರಿ. ಇದನ್ನು ಆ ವಿಡಿಯೊ ಮಾಡಿದವನು ಹೇಳಲೇ ಇಲ್ಲ. ಅಲ್ಲಿ ಒಂದು ಮೀಟರ್‌ಗೆ ಒಂದು ಗಿಡ, ಹೆಕ್ಟೇರಿಗೆ 10,000 ಗಿಡದ ಲೆಕ್ಕ. ನೀರಾವರಿ ಇಲ್ಲ, ನಿಯಮವೇ ಬಿಡೋದಿಲ್ಲ. ಗ್ರಾಂ ಕ್ರೂ ಅನ್ನೋ ಅತಿ ಮೇಲಿನ ದರ್ಜೆಯ ಕೆಂಪು ವೈನಿಗೆ ಹೆಕ್ಟೇರಿಗೆ ಸುಮಾರು 3,500 ಲೀಟರ್ ಅಂತ ಮಿತಿ. ಲೆಕ್ಕ ಹಾಕಿ, ಒಂದು ಗಿಡಕ್ಕೆ ಅರ್ಧ ಬಾಟಲಿಯೂ ಪೂರಾ ಆಗೋದಿಲ್ಲ! ನಮ್ಮ ಬೆಂಗಳೂರು ಬ್ಲೂ ಚಪ್ಪರದಲ್ಲಿ ಒಂದು ಗಿಡದಿಂದ ಎಷ್ಟು ಕ್ರೇಟ್ ಇಳಿಸ್ತೀವಿ ಅಂತ ನಿಮಗೇ ಗೊತ್ತು. ಜಾಸ್ತಿ ಬೆಳೆಯಬಾರದು ಅಂತ ಬೆಳೆಗಾರರೇ ಕೂತು ತಮ್ಮ ಕೈ ತಾವೇ ಕಟ್ಟಿಕೊಂಡ ಊರು ಅದು. ಏಪ್ರಿಲ್‌ನಲ್ಲಿ ಚಿಗುರೊಡೆದ ಮೇಲೆ ಮಂಜು ಬಿದ್ದರೆ ಅದೂ ಇಲ್ಲ. 2021ರ ಏಪ್ರಿಲ್‌ನಲ್ಲಿ ರಾತ್ರಿಯಿಡೀ ಸಾಲಿನ ಮಧ್ಯೆ ಮೇಣದ ಡಬ್ಬಿ ಹಚ್ಚಿಟ್ಟು ಕಾದರು. ಆದರೂ ಬಿಳಿ ದ್ರಾಕ್ಷಿಯವರಲ್ಲಿ ಎಷ್ಟೋ ಜನ ಅರ್ಧಕ್ಕಿಂತ ಹೆಚ್ಚು ಬೆಳೆ ಕಳೆದುಕೊಂಡರು.

ಹಾಗಾದರೆ ದುಡ್ಡು ಎಲ್ಲಿಂದ ಬಂತು? ನನ್ನ ಮಾತು ಇರೋದು ಇಲ್ಲೇ.

ನೂರು ವರ್ಷದ ಹಿಂದೆ ಇದೇ ನೆಲ, ಇದೇ ಗಿಡ, ಆದರೆ ರೈತ ಬಡವ. ಅವನು ವೈನ್ ಮಾಡಿ 228 ಲೀಟರಿನ ಪೀಪಾಯಿಗೆ ತುಂಬಿ ಬೋನ್ ಅಥವಾ ನ್ವಿ ಪಟ್ಟಣದ ವ್ಯಾಪಾರಿಗೆ ಕೊಡಬೇಕಿತ್ತು. ಈ ವ್ಯಾಪಾರಿಗಳಿಗೆ ನೆಗೋಸಿಯಾಂ ಅಂತ ಹೆಸರು. ನಮ್ಮ ಮಂಡಿ ಯಜಮಾನರು ಅಂದುಕೊಳ್ಳಿ. ಬೆಲೆ ಅವರು ಹೇಳಿದ್ದು. ಹತ್ತು ಊರಿನ ವೈನ್ ಕಲಸಿ, ತಮ್ಮ ಹೆಸರಿನ ಲೇಬಲ್ ಅಂಟಿಸಿ ಮಾರೋರು. ಕೆಲವರು ತೆಂಕಣ ಫ್ರಾನ್ಸಿನ, ಅಲ್ಜೀರಿಯಾದ ದಪ್ಪ ವೈನನ್ನೂ ಬೆರೆಸಿ ಬರ್ಗಂಡಿಯ ಊರಿನ ಹೆಸರು ಹಾಕಿಬಿಡ್ತಿದ್ದರು. ಒಳ್ಳೆ ಹೊಲದವನಿಗೂ ಅದೇ ರೇಟು, ಕೆಟ್ಟ ಹೊಲದವನಿಗೂ ಹೆಚ್ಚುಕಡಿಮೆ ಅದೇ.

1920, 30ರ ದಶಕದಲ್ಲಿ ಕೆಲವರು ತಿರುಗಿಬಿದ್ದರು. ವೋಲ್ನೆ ಊರಿನ ಮಾರ್ಕಿ ದಾಂಜರ್ವಿಲ್, ನ್ವಿ-ಸೇನ್-ಜಾರ್ಜ್‌ನ ಆನ್ರಿ ಗೂಜ್, ಜೆವ್ರೆಯ ಆರ್ಮಾಂ ರೂಸೋ. ಕಲಬೆರಕೆ ವಿರುದ್ಧ ದಾಂಜರ್ವಿಲ್ ಬಾಯಿಬಿಟ್ಟ ಮೇಲೆ ವ್ಯಾಪಾರಿಗಳು ಅವರ ವೈನ್ ಕೊಳ್ಳೋದನ್ನೇ ನಿಲ್ಲಿಸಿದರು. ಬೇರೆ ದಾರಿ ಇಲ್ಲದೆ ಮನೆಯಲ್ಲೇ ಬಾಟಲಿ ತುಂಬಿ, ತಮ್ಮ ಹೆಸರು, ತಮ್ಮ ಹೊಲದ ಹೆಸರು ಹಾಕಿ ನೇರ ಗಿರಾಕಿಗೆ ಕಳಿಸೋಕೆ ಶುರು ಮಾಡಿದರು. ಹೊಲದ ಗಡಿ ಗುರುತಿಸೋ ಕೆಲಸದಲ್ಲೂ ದಾಂಜರ್ವಿಲ್, ಗೂಜ್ ಇಬ್ಬರೂ ಕೂತರು. 1935ರಲ್ಲಿ ಊರಿನ ಹೆಸರನ್ನು ಕಾಯುವ ಕಾನೂನು ಬಂತು: ಯಾವ ಗಡಿಯೊಳಗೆ, ಯಾವ ತಳಿ, ಎಷ್ಟು ಇಳುವರಿ, ಎಲ್ಲವೂ ಲಿಖಿತ. ಇವತ್ತು ಬರ್ಗಂಡಿಯಲ್ಲಿ ಸುಮಾರು 3,500 ಮನೆತನದ ತೋಟಗಳಿವೆ. ದೊಮೇನ್ ಅಂತಾರೆ. ಕಟಿಂಗ್ ಮಾಡೋನೂ ಅವನೇ, ಪೀಪಾಯಿ ನೋಡೋನೂ ಅವನೇ. ಅವರ ಭಾಷೆಯಲ್ಲಿ ಎರಡಕ್ಕೂ ಸೇರಿ ಒಂದೇ ಪದ, ವಿನ್ಯೆರೋನ್.

ಇದು ಓದಿದಾಗ ನನಗೆ ನನ್ನ ಸೀಬೆ ನೆನಪಾಗುತ್ತೆ. ಮೂರು ವರ್ಷ ಕಷ್ಟಪಟ್ಟು ಸಾವಯವ ಪ್ರಮಾಣಪತ್ರ ಮಾಡಿಸಿ, ಬೆಂಗಳೂರಿನ ಒಂದು ಕಂಪನಿಗೆ ಕಿಲೋಗೆ 38 ರೂಪಾಯಿಯಂತೆ ಕೊಟ್ಟೆ. ತಿಂಗಳಾದ ಮೇಲೆ ಅಂಗಡಿಯೊಂದರಲ್ಲಿ ಅದೇ ಸೀಬೆ ಪ್ಯಾಕೆಟ್‌ನಲ್ಲಿ ಕೂತಿತ್ತು. 'ನಮ್ಮ ರೈತನ ತೋಟದಿಂದ ನೇರವಾಗಿ' ಅಂತ ಬರೆದು, ಒಬ್ಬ ರೈತನ ಫೋಟೊ ಬೇರೆ. ಆ ಫೋಟೊ ನನ್ನದಲ್ಲ. ಹೆಂಡತಿ ಇವತ್ತಿಗೂ "ಅವನ ಮೀಸೆ ನಿಮಗಿಂತ ಚೆನ್ನಾಗಿತ್ತು ಬಿಡಿ" ಅಂತ ರೇಗಿಸ್ತಾಳೆ.

ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲೇ ಜಿಐ ಟ್ಯಾಗ್ ಬಂತು. ಊರಿನ ಹೆಸರು ಕಾಯೋ ಕಾನೂನು ನಮಗೂ ಇದೆ ಅಂತಾಯ್ತು. ಆದರೆ ಟ್ಯಾಗ್ ಬಂತು ಅಂತ ಮಂಡಿಯಲ್ಲಿ ನನಗೆ ಕ್ರೇಟಿಗೆ ಒಂದು ರೂಪಾಯಿ ಜಾಸ್ತಿ ಸಿಕ್ಕಿಲ್ಲ. ಕ್ರೇಟ್ ಮೇಲೆ ನನ್ನ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ, ಇರೋದು ಮಂಡಿಯ ಸೀಲು. ಹೆಸರು ಕಾನೂನಿನಲ್ಲಿದ್ದು ಡಬ್ಬ ಇನ್ನೊಬ್ಬರ ಕೈಯಲ್ಲಿದ್ದರೆ ಬೆಲೆಯೂ ಅವರ ಕೈಯಲ್ಲೇ.

ಹಾಗಂತ ನಾಳೆಯೇ ಮಂಡಿಗೆ ಬೆನ್ನು ತಿರುಗಿಸಿ ಅಂತ ಹೇಳಲ್ಲ. ಸ್ವಂತ ಬಾಟಲಿ ಅಂದರೆ ದುಡ್ಡು ಕಟ್ಟಿಹಾಕಿದ ಹಾಗೆ. ಅಲ್ಲಿ ಸೆಪ್ಟೆಂಬರ್‌ನಲ್ಲಿ ಕೊಯ್ದ ಹಣ್ಣು ಪೀಪಾಯಿಯಲ್ಲಿ ವರ್ಷ, ಒಂದೂವರೆ ವರ್ಷ ಕೂತು ಆಮೇಲೆ ಬಾಟಲಿ. ಗಿರಾಕಿ ಕಾಸು ಬರೋದು ಎರಡು ವರ್ಷಕ್ಕೆ. ಅಲ್ಲಿವರೆಗೆ ಮನೆ ನಡೆಯಬೇಕಲ್ಲ? ಅದಕ್ಕೇ ಎಷ್ಟೋ ದೊಮೇನ್‌ಗಳು ಇವತ್ತಿಗೂ ಒಂದು ಭಾಗವನ್ನು ವ್ಯಾಪಾರಿಗೇ ಕೊಟ್ಟು ಕೈಗೆ ಕಾಸು ಮಾಡ್ಕೊಳ್ತಾರೆ, ಉಳಿದದ್ದು ಸ್ವಂತ ಹೆಸರಲ್ಲಿ. ನಾನೂ ಈಗ ಹಾಗೇ ಮಾಡ್ತೀನಿ. ಸೀಬೆಯಲ್ಲಿ ಮುಕ್ಕಾಲು ಮಂಡಿಗೆ, ಕಾಲು ಭಾಗ 60 ಮನೆಗಳಿಗೆ ನೇರ. ಡಬ್ಬದ ಮೇಲೆ ಊರಿನ ಹೆಸರು, ತೋಟದ ಹೆಸರು, ಕೊಯ್ದ ದಿನ. ಈ ಕಾಲು ಭಾಗದಿಂದ ಶ್ರೀಮಂತ ಆಗಿಲ್ಲ. ಆದರೆ ಮಂಡಿ ಯಜಮಾನರ ಮುಂದೆ ಬೇಡ ಅನ್ನೋ ಧೈರ್ಯ ಬಂದಿದೆ.

ಈಗ ಆ ಕೋಟಿಯ ವಿಷಯ. ಕೋಟಿ ಇರೋದು ನಿಜ. ಆದರೆ ಅದು ಆದಾಯ ಅಲ್ಲ, ಜಮೀನಿನ ಬೆಲೆ. ಕೋಟ್ ದೋರ್‌ನ ಗ್ರಾಂ ಕ್ರೂ ಜಮೀನು ಹೆಕ್ಟೇರಿಗೆ ಸರಾಸರಿ 60 ಲಕ್ಷ ಯೂರೊ ದಾಟಿದೆ. ನಮ್ಮ ಲೆಕ್ಕದಲ್ಲಿ ಎಕರೆಗೆ 20 ಕೋಟಿಗೂ ಮೇಲೆ. ಬರ್ಗಂಡಿಯ ವೈನ್‌ನಲ್ಲಿ ಗ್ರಾಂ ಕ್ರೂ ಪಾಲು ನೂರಕ್ಕೆ ಒಂದೆರಡು ಅಷ್ಟೇ, ಸುಮಾರು ಅರ್ಧ ಸಾದಾ ವೈನ್. ಸಾದಾ ವೈನ್ ಮಾಡೋನ ಕಾರು ನಮ್ಮ ಟೊಮೆಟೊ ಬೆಳೆಗಾರನ ಕಾರಿಗಿಂತ ದೊಡ್ಡದಿರಲಿಕ್ಕಿಲ್ಲ.

ಜಮೀನಿನ ಬೆಲೆ ಏರಿದರೆ ಒಳ್ಳೇದೇ ಅಲ್ವಾ ಅಂತೀರಿ. ಮಾರೋನಿಗೆ ಒಳ್ಳೇದು. ಉಳೋನಿಗೆ? ಫ್ರಾನ್ಸ್‌ನಲ್ಲಿ ಅಪ್ಪನ ಆಸ್ತಿ ಮಗನಿಗೆ ಬರುವಾಗ ತೆರಿಗೆ ಇದೆ, ಮೇಲಿನ ಹಂತದಲ್ಲಿ ಶೇ 45ರವರೆಗೆ. ಕೃಷಿ ಜಮೀನಿಗೆ ಕೆಲವು ರಿಯಾಯಿತಿ ಇದ್ದರೂ, ಬೆಳೆಯಿಂದ ಬರೋ ದುಡ್ಡಲ್ಲಿ ಆ ತೆರಿಗೆ ಕಟ್ಟಿ, ಅಕ್ಕತಂಗಿಯರ ಪಾಲಿನ ಹಣವನ್ನೂ ಕೊಟ್ಟು ತೋಟ ಉಳಿಸಿಕೊಳ್ಳೋದು ಕಷ್ಟ. ಆಗ ಬರ್ತಾರೆ ದೊಡ್ಡವರು. 2014ರಲ್ಲಿ ಕ್ಲೋ ದೆ ಲಾಂಬ್ರೇ ತೋಟವನ್ನು ಎಲ್‌ವಿಎಂಎಚ್ ಅನ್ನೋ ಐಷಾರಾಮಿ ವಸ್ತುಗಳ ಕಂಪನಿ ಕೊಂಡಿತು. 2017ರಲ್ಲಿ ಕ್ಲೋ ದ ತಾರ್. 1932ರಿಂದ ಒಂದೇ ಮನೆತನದ ಕೈಯಲ್ಲಿದ್ದ ಏಳೂವರೆ ಹೆಕ್ಟೇರ್, ಗುಚಿ ಬ್ಯಾಗಿನ ಕಂಪನಿಯ ಮಾಲೀಕರ ಕುಟುಂಬದ ಪಾಲಾಯಿತು. ಸ್ವಂತ ಹೆಸರಿಗಾಗಿ ಹೋರಾಡಿ ಗೆದ್ದವರ ಮೊಮ್ಮಕ್ಕಳು, ಹೆಸರಿಗೆ ಬಂದ ಬೆಲೆಯಿಂದಲೇ ಜಮೀನು ಬಿಡಬೇಕಾಗಿ ಬರೋದನ್ನು ನೋಡಿ.

ನಂದಿ ಬೆಟ್ಟದ ಸುತ್ತಮುತ್ತ ಇರೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ. 2020ರ ತಿದ್ದುಪಡಿ ಆದಮೇಲೆ ರೈತನಲ್ಲದವನೂ ಕೃಷಿ ಜಮೀನು ಕೊಳ್ಳಬಹುದು. ನಮ್ಮ ದಾರಿಯಲ್ಲಿ ದ್ರಾಕ್ಷಿ ಚಪ್ಪರ ಇದ್ದ ಕಡೆ ಈಗ 'ಫಾರ್ಮ್ ಪ್ಲಾಟ್' ಬೋರ್ಡುಗಳು. ನಮ್ಮಲ್ಲಿ ಹಣ್ಣಿಗೆ ಬೆಲೆ ಬರೋ ಮುಂಚೆಯೇ ನೆಲಕ್ಕೆ ಬೆಲೆ ಬಂದುಬಿಟ್ಟಿದೆ.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆಕಿಚ್ಚು. ಅದು ಗುತ್ತಿಗೆ. ಬರ್ಗಂಡಿಯ ಎಷ್ಟೋ ಒಳ್ಳೆ ವೈನ್ ಸ್ವಂತ ಜಮೀನಿನದ್ದಲ್ಲ. ನಮ್ಮ ವಾರ, ಕೋರು ಇದ್ದ ಹಾಗೆ ಅಲ್ಲೂ ಇದೆ, ಮಾಲೀಕನಿಗೆ ಮೂರನೇ ಒಂದೋ ಅರ್ಧವೋ ಹಣ್ಣು ಅಥವಾ ವೈನ್. ಇಲ್ಲವೇ ಹಣದ ಗುತ್ತಿಗೆ. ಆದರೆ 1946ರ ಕಾನೂನಿಂದ ಗುತ್ತಿಗೆ ಕನಿಷ್ಠ 9 ವರ್ಷ, ಸುಮ್ಮಸುಮ್ಮನೆ ಬಿಡಿಸೋ ಹಾಗಿಲ್ಲ. ಜಮೀನು ಕೊಳ್ಳೋ ಶಕ್ತಿ ಇಲ್ಲದ ಹುಡುಗನೂ ಧೈರ್ಯವಾಗಿ ಮಣ್ಣಿಗೆ ಗೊಬ್ಬರ ಹಾಕ್ತಾನೆ. ನಮ್ಮಲ್ಲಿ 1974ರ ಭೂಸುಧಾರಣೆ ಗೇಣಿಯನ್ನೇ ನಿಷೇಧಿಸಿತು. ಆಗ ಅದು ಬೇಕಿತ್ತು, ಎಷ್ಟೋ ಮನೆಗಳು ಉಳಿದವು. ಆದರೆ ಇವತ್ತು ಗುತ್ತಿಗೆ ನಡೆಯೋದೆಲ್ಲಾ ಬಾಯಿಮಾತಿನ ಮೇಲೆ, ಒಂದೊಂದೇ ವರ್ಷ. ಸಾವಯವದಲ್ಲಿ ಮಣ್ಣು ತಿರುಗೋಕೇ ಮೂರು ವರ್ಷ ಬೇಕು. ಮುಂದಿನ ಯುಗಾದಿಗೆ ಯಾರ ಕೈಯಲ್ಲಿರುತ್ತೋ ಗೊತ್ತಿಲ್ಲದ ನೆಲಕ್ಕೆ ಯಾರು ಹತ್ತು ಲೋಡ್ ಕೊಟ್ಟಿಗೆ ಗೊಬ್ಬರ ಹೊಡೀತಾರೆ? ಉಳುವವನಿಗೂ ಮಾಲೀಕನಿಗೂ ಇಬ್ಬರಿಗೂ ರಕ್ಷಣೆ ಕೊಡೋ ದೀರ್ಘ ಗುತ್ತಿಗೆ ಕಾನೂನು ಬೇಕು. ನಾವು ಯುವ ರೈತರು ಸಬ್ಸಿಡಿ ಕೇಳೋದಕ್ಕಿಂತ ಮೊದಲು ಇದನ್ನು ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಒಪ್ಪದಿದ್ದರೆ ಹೇಳಿ, ಜಗಳ ಆಡೋಣ.

ಮೊನ್ನೆ ನನ್ನ ತೋಟದ ಪಕ್ಕದ ಒಂದೂವರೆ ಎಕರೆಯ ಯಜಮಾನರ ಹತ್ತಿರ ಕೂತು, "ಚಿಕ್ಕಪ್ಪಾ, ಒಂಬತ್ತು ವರ್ಷಕ್ಕೆ ಕೊಡಿ, ದ್ರಾಕ್ಷಿ ಹಾಕ್ತೀನಿ" ಅಂತ ಕೇಳಿದೆ. ನಕ್ಕರು. "ನೀನು ಒಳ್ಳೆ ಹುಡುಗನೇ ಕಣಪ್ಪಾ, ಆದ್ರೆ ಮಗ ಸೈಟ್ ಮಾಡೋಣ ಅಂತಿದ್ದಾನೆ. ಈ ವರ್ಷ ಮಾಡ್ಕೋ, ಮುಂದಿನದು ಮುಂದೆ ನೋಡೋಣ" ಅಂದರು. ಅದಕ್ಕೇ ಆ ಜಮೀನಿಗೆ ಈ ಸಲವೂ ಟೊಮೆಟೊ ನಾರು ತಂದಿದ್ದೀನಿ.