ಮೆಚ್ಚುಗೆಯಿಂದ ವಿಮರ್ಶೆ ಸೊರಗುವುದಿಲ್ಲ

ಓದಿದ ಕಾದಂಬರಿಯನ್ನು ಕಂಡವರ ಮುಂದೆಲ್ಲ ಹೊಗಳುವುದರಿಂದ ವಿಮರ್ಶೆ ಸೊರಗುತ್ತಿದೆ ಎಂಬ ಕಳೆದ ಸಂಚಿಕೆಯ ಲೇಖನವನ್ನು ಒಪ್ಪಲಾರೆ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ವನ್ನು ಈಚೆಗೆ ಮತ್ತೆ ಓದಿದೆ. ಹಾರುವ ಓತಿಯ ಬೆನ್ನುಹತ್ತಿ ಕಾಡು ನುಗ್ಗುವವರ ಕಥೆ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ಪ್ರಕೃತಿತಜ್ಞನನ್ನು ಕಾಣುತ್ತಾರೆ. ಆ ಗೌರವ ನನ್ನನ್ನು ಅಲುಗಾಡಿಸಿತು. ಕೊನೆಯಲ್ಲಿ ಓತಿ ಕಣಿವೆಯತ್ತ ತೇಲಿ ಮರೆಯಾಗುವಾಗ ಉಸಿರು ಬಿಗಿಹಿಡಿದಿದ್ದೆ. ಇದನ್ನು ಗೆಳೆಯರಿಗೆ ಹೇಳಲು ಸಿದ್ಧಾಂತ ಬೇಕೆ? ಕಾರಣ ಕೊಡದ ಹೊಗಳಿಕೆ ಪೊಳ್ಳು, ನಿಜ. ಆದರೆ ಯಾವ ಪುಟ, ಯಾವ ಪಾತ್ರ ಎಂದು ಬೆರಳಿಟ್ಟು ತೋರಿಸುವ ಸಂಭ್ರಮದಿಂದಲೇ ವಿಮರ್ಶೆ ಶುರುವಾಗುತ್ತದೆ. ಆ ಲೇಖನ ಬರೆದವರು ತಾವು ಈಚೆಗೆ ಮೆಚ್ಚಿದ ಕಾದಂಬರಿಯ ಬಗ್ಗೆ ಮನಬಿಚ್ಚಿ ಬರೆಯಲಿ. ಓದಲು ನಾವಿದ್ದೇವೆ.