ಬಾವು ಇಳಿದ ಮೇಲೆ

2021ರ ಜನವರಿಯಿಂದ ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೊ ತಲೆಯ ಮೇಲೆ ಓಡುತ್ತಿದೆ. ಕೆಳಗೆ ಫುಟ್‌ಪಾತಿನ ಚಪ್ಪಡಿಗಳು ಮಾತ್ರ ಇನ್ನೂ ಹೊಂದಿಕೊಂಡು ಕೂತಿಲ್ಲ. ಅಲುಗುವ ಚಪ್ಪಡಿ ಒಂದೇ ಸಾಕು, ಪಾದ ಒಳಮಗ್ಗುಲಿಗೆ ಹೊರಳಿ ಗಂಟಿನ ಹೊರಬದಿಯ ಲಿಗಮೆಂಟು ಜಗ್ಗಿಹೋಗುತ್ತದೆ. ಸ್ವಲ್ಪ ಹೊತ್ತಿಗೆ ಚಪ್ಪಲಿಯ ಪಟ್ಟಿ ಬಿಗಿಯಾಗುತ್ತದೆ.

ಆಮೇಲೆ ಸಲಹೆಗಳ ಮಳೆ. ಹುಣಸೆಹಣ್ಣು-ಉಪ್ಪಿನ ಪಟ್ಟು ಹಾಕಿ, ಯಾರ ಹತ್ತಿರವಾದರೂ ನೀವಿಸಿಕೊಳ್ಳಿ, ಪುತ್ತೂರು ಕಟ್ಟು ಕಟ್ಟಿಸಿ (ಈ ಪುತ್ತೂರು ದಕ್ಷಿಣ ಕನ್ನಡದ್ದಲ್ಲ, ಆಂಧ್ರದ್ದು). ಪಟ್ಟಿನ ಬಗ್ಗೆ ನನ್ನ ತಕರಾರಿಲ್ಲ; ಹಾಕಿಸಿಕೊಂಡವರು ಅಷ್ಟು ಹೊತ್ತು ಕಾಲು ಚಾಚಿ ಕೂತಿರುತ್ತಾರಲ್ಲ! ಹಸಿ ಪೆಟ್ಟಿನ ಮೇಲೆ ಎಣ್ಣೆ ಹಾಕಿ ತಿಕ್ಕುವುದು ಮಾತ್ರ ಬೇಡವೇ ಬೇಡ. ಒಳಗೆ ರಕ್ತ ಒಸರುವಾಗ ನೀವಿದರೆ ಬಾವು ಏರುತ್ತದೆ, ಮೂಳೆ ಸೀಳಿದ್ದರಂತೂ ಕೆಲಸ ಕೆಟ್ಟಿತು.

ಮೂಳೆಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಜೊತೆಗಾರರು 1992ರಲ್ಲಿ ಕೊಟ್ಟ ನಿಯಮ ಸರಳವಾಗಿದೆ. ಉಬ್ಬುಮೂಳೆಯ ಹಿಂಬದಿ ಅಥವಾ ತುದಿ ಒತ್ತಿದಾಗ ನೋವಾದರೆ, ಇಲ್ಲವೇ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಸಬೇಕು. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಇರುವುದೇ ಇಂಥದ್ದಕ್ಕೆ.

ಐಸು ನೋವು ತಗ್ಗಿಸುತ್ತದೆ, ಅಷ್ಟೇ. 1978ರಲ್ಲಿ ವಿಶ್ರಾಂತಿ-ಐಸಿನ ಸೂತ್ರ ಹೇಳಿಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಇವೆರಡೂ ಅತಿಯಾದರೆ ಗುಣವಾಗುವುದು ತಡವಾದೀತು ಎಂದು ಮುಂದೆ ಬರೆದರು.

ನಾವು ಎಡವುವುದು ಇದೆಲ್ಲ ಮುಗಿದ ಮೇಲೆ. ಬಾವು ಇಳಿಯಿತು, ಉಳುಕು ಹೋಯಿತು ಎಂದುಕೊಂಡು ಮರೆಯುತ್ತೇವೆ. ಅದೇ ಕಾಲು ಮತ್ತೆ ಉಳುಕುತ್ತದೆ. ಲಿಗಮೆಂಟು ಬರೀ ಹಗ್ಗವಲ್ಲ. ಪಾದ ಎತ್ತ ವಾಲಿದೆಯೆಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳು ಅದರಲ್ಲಿವೆ. ಪೆಟ್ಟಿನಿಂದ ಆ ಸುದ್ದಿ ತಡವಾಗುತ್ತದೆ, ಕಾಲಿಗೆ ಸಮತೋಲನದ ಅಭ್ಯಾಸ ಬೇಕು ಎಂದು ಬ್ರಿಟನ್ನಿನ ಮೈಕೆಲ್ ಫ್ರೀಮನ್ ವಾದಿಸಿದ್ದು 1965ರಲ್ಲೇ.

ಅವಸರವೂ ಸಲ್ಲದು. 2023ರ ಅಕ್ಟೋಬರ್ 19ರಂದು ವಿಶ್ವಕಪ್ಪಿನ ಪುಣೆ ಪಂದ್ಯದಲ್ಲಿ ಹಾರ್ದಿಕ್ ಪಾಂಡ್ಯ ಅವರ ಎಡಗಾಲಿನ ಗಂಟಿಗೆ ಪೆಟ್ಟಾಯಿತು. ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ಆರೈಕೆ ನಡೆದರೂ ಟೂರ್ನಿಗೆ ಮರಳಲಾಗಲಿಲ್ಲ. ನಮ್ಮ ಪ್ರಸಿದ್ಧ್ ಕೃಷ್ಣ ತಂಡ ಸೇರಿದರು.

ನೋವು ತಗ್ಗಿ ಕಾಲೂರಲು ಬಂದ ಮೇಲೆ, ಹಲ್ಲುಜ್ಜುವಷ್ಟು ಹೊತ್ತು ಉಳುಕಿದ ಕಾಲೊಂದರ ಮೇಲೇ ನಿಲ್ಲಿ. ಕೈಗೆಟುಕುವಂತೆ ಗೋಡೆ ಇರಲಿ. ಗುಣವಾಯಿತು ಅನ್ನಿಸಿದರೂ ಕೆಲವು ವಾರ ಬಿಡಬೇಡಿ.